ನಾಲ್ಕು ಸಿಡಿ, ಎಂಟು ಆಲ್ಬಮ್: ಅಗ್ಗದ ಸಿನಾಟ್ರಾ ಹೇಗೆ ಕೇಳಿಸುತ್ತಾನೆ?

(ಹಳೆಯ ರೆಕಾರ್ಡು ಕೇಳುವ ಹುಚ್ಚಿರುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು ಇದು. ನಡುನಡುವೆ ಹಾಡು ಹಾಕಿ ಕೇಳಿಸಿದ್ದೆ. ಬರಹದಲ್ಲಿ ಅದು ಆಗದು, ಹಾಗಾಗಿ ಅಲ್ಲೆಲ್ಲ ಏನು ಕೇಳಿಸಿತು ಅಂತ ಬರೆದಿದ್ದೇನೆ. ಉಳಿದದ್ದು ಮಾತಿನ ಧಾಟಿಯಲ್ಲೇ ಇದೆ.)

ನಮಸ್ಕಾರ. ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

ಈ ಡಬ್ಬಿ ನೋಡಿ. ನಾಲ್ಕು ಸಿಡಿ, ಎಂಟು ಆಲ್ಬಮ್. ಎಲ್ಲವೂ ಅಮೆರಿಕದ ಗಾಯಕ ಫ್ರಾಂಕ್ ಸಿನಾಟ್ರಾ 1950ರ ದಶಕದಲ್ಲಿ ಅಲ್ಲಿನ ಕ್ಯಾಪಿಟಲ್ ರೆಕಾರ್ಡು ಕಂಪನಿಗೆ ಹಾಡಿದ್ದು. ಡಬ್ಬಿ ತಯಾರಾದದ್ದು ಮಾತ್ರ ಯುರೋಪಿನಲ್ಲಿ. ಇದಕ್ಕೆ ಕೊಟ್ಟ ದುಡ್ಡಿಗೆ ಇವತ್ತು ಒಂದು ಒಳ್ಳೆಯ ಹೊಸ ಎಲ್‌ಪಿ, ಅಂದರೆ ದೊಡ್ಡ ಕಪ್ಪು ರೆಕಾರ್ಡು ತಟ್ಟೆ, ಬರುವುದಿಲ್ಲ. ಆ ಕಾಲದ ಗಾಯಕರಲ್ಲಿ ನ್ಯಾಟ್ ಕಿಂಗ್ ಕೋಲ್, ಎಲಾ ಫಿಟ್ಸ್‌ಜೆರಾಲ್ಡ್, ಪೆಗಿ ಲೀ, ಡೋರಿಸ್ ಡೇ, ಯಾರ ಹೆಸರು ಬೇಕಾದರೂ ಹೇಳಿ, ಎಲ್ಲರದೂ ಇಂಥ ಡಬ್ಬಿ ಇದೆ. ಇದನ್ನು ಕಂಡ ಕೂಡಲೇ ಜನ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. "ಇಷ್ಟು ಕಮ್ಮಿಗೆ ಕೊಡ್ತಾರೆ ಅಂದ್ರೆ ಕಸಾನೇ ಇರಬೇಕು." ಇಲ್ಲವೇ, "ಡಿಜಿಟಲ್ ಅಂದಮೇಲೆ ಎಲ್ಲಾ ಒಂದೇ ಅಲ್ವಾ, ಸುಮ್ನೆ ಜಾಸ್ತಿ ಯಾಕೆ ಕೊಡಬೇಕು?" ನನಗೆ ಎರಡೂ ಒಪ್ಪಿಗೆಯಿಲ್ಲ. ಬೆಲೆ ನೋಡಿ ದನಿ ಹೇಳುವುದಕ್ಕೆ ಆಗುವುದಿಲ್ಲ. ಯಾವ ಟೇಪಿನಿಂದ ತೆಗೆದರು, ತೆಗೆದ ಮೇಲೆ ಎಷ್ಟು ಕೈ ಆಡಿಸಿದರು, ಈ ಎರಡನ್ನು ಕೇಳಬೇಕು.

ಮೊದಲು ಇದು ಹೇಗೆ ಅಗ್ಗವಾಯಿತು ನೋಡೋಣ. ಯುರೋಪಿನಲ್ಲಿ ಒಂದು ಧ್ವನಿಮುದ್ರಣ ಹೊರಬಂದು 50 ವರ್ಷ ಆದರೆ ಅದರ ಮೇಲಿನ ಹಕ್ಕು ಮುಗಿಯುತ್ತಿತ್ತು. 2011ರಲ್ಲಿ ಅದನ್ನು 70 ವರ್ಷಕ್ಕೆ ಏರಿಸಿದರು, 2013ರ ನವೆಂಬರ್‌ನಿಂದ ಜಾರಿಗೆ ಬಂತು. ಆದರೆ ಅಷ್ಟರಲ್ಲಿ ಮುಗಿದುಹೋಗಿದ್ದ ಹಕ್ಕಿಗೆ ಮತ್ತೆ ಜೀವ ಕೊಡಲಿಲ್ಲ. ಹಾಗಾಗಿ 1962ರ ಕೊನೆಯ ತನಕ ಬಂದ ರೆಕಾರ್ಡುಗಳನ್ನು ಅಲ್ಲಿ ಯಾರು ಬೇಕಾದರೂ ಒತ್ತಿ ಮಾರಬಹುದು. ಬೀಟಲ್ಸ್‌ನ ಮೊದಲ ಸಿಂಗಲ್ 1962ರ ಅಕ್ಟೋಬರಿನದು, ಅದು ಹಕ್ಕಿನ ಬೇಲಿಯಿಂದ ಆಚೆ. ಅವರ ಮೊದಲ ಎಲ್‌ಪಿ 1963ರದು, ಅದು ಬೇಲಿಯ ಒಳಗೆ. ಸಿನಾಟ್ರಾನ ಕ್ಯಾಪಿಟಲ್ ಕಾಲ 1953ರಲ್ಲಿ ಶುರುವಾಗಿ 1960ರ ದಶಕದ ಆರಂಭಕ್ಕೆ ಮುಗಿಯುತ್ತದೆ, ಅಂದರೆ ಹೆಚ್ಚುಕಡಿಮೆ ಪೂರ್ತಿ ಆಚೆ. ಅಮೆರಿಕದಲ್ಲಿ ಕಥೆಯೇ ಬೇರೆ. ಅಲ್ಲಿ 2018ರ ಕಾಯ್ದೆಯ ಪ್ರಕಾರ 1957ರಿಂದ 1972ರ ಫೆಬ್ರವರಿ ನಡುವೆ ಬಂದ ರೆಕಾರ್ಡುಗಳಿಗೆ 2067ರ ತನಕ ರಕ್ಷಣೆ ಇದೆ. ನಮ್ಮಲ್ಲಿ ಧ್ವನಿಮುದ್ರಣಕ್ಕೆ 60 ವರ್ಷ.

ಇಲ್ಲೊಂದು ಮಾತು ಸೇರಿಸಬೇಕು. ರೆಕಾರ್ಡಿನ ಹಕ್ಕು ಬೇರೆ, ಹಾಡು ಬರೆದವರ ಹಕ್ಕು ಬೇರೆ. ಹಾಡು ಬರೆಯುತ್ತಿದ್ದ ಕೋಲ್ ಪೋರ್ಟರ್ ತೀರಿಕೊಂಡದ್ದು 1964ರಲ್ಲಿ. ಯುರೋಪಿನಲ್ಲಿ ಬರೆದವರ ಹಕ್ಕು ಅವರು ಹೋದ ಮೇಲೂ 70 ವರ್ಷ ಇರುತ್ತದೆ, ಅಂದರೆ 2034ರ ಕೊನೆಯ ತನಕ. ಆದ್ದರಿಂದ ಈ ಡಬ್ಬಿಯಲ್ಲಿ ಪೋರ್ಟರ್ ಬರೆದ ಹಾಡು ಇದ್ದರೆ ಅದರ ಪಾಲು ಕಟ್ಟಲೇಬೇಕು. ಹಾಡಿದವರ ಕಡೆಗೆ, ಮೂಲ ಕಂಪನಿಗೆ, ಒಂದು ಪೈಸೆಯೂ ಹೋಗುವುದಿಲ್ಲ. ಇದು ಸರಿಯೋ ತಪ್ಪೋ ಅಂತ ನೀವು ಜಗಳ ಆಡಬಹುದು. ಕಾನೂನಿನ ಪ್ರಕಾರ ಕಳ್ಳಮಾಲಂತೂ ಅಲ್ಲ.

ಆದರೆ ಕಾನೂನು ಕೊಟ್ಟದ್ದು ದನಿಯನ್ನು ಮಾತ್ರ. ಟೇಪನ್ನು ಕೊಟ್ಟಿಲ್ಲ. ಮೂಲ ಟೇಪು ಅಮೆರಿಕದಲ್ಲಿ ಕಂಪನಿಯ ಉಗ್ರಾಣದಲ್ಲಿದೆ, ಅದನ್ನು ಅವರು ಹೊರಗಿನವರಿಗೆ ಯಾಕೆ ಕೊಡುತ್ತಾರೆ? ಹಾಗಾದರೆ ಈ ಡಬ್ಬಿ ಮಾಡಿದವರು ಹಾಡನ್ನು ಎಲ್ಲಿಂದ ತಂದರು? ಮೂರು ದಾರಿ. ಯಾರೋ ಮುಂಚೆ ಮಾಡಿದ ಸಿಡಿಯಿಂದ ಎತ್ತಿಕೊಳ್ಳುವುದು. ಹಳೆಯ ಎಲ್‌ಪಿ ಮೇಲೆ ಮುಳ್ಳು ಇಟ್ಟು ರೆಕಾರ್ಡು ಮಾಡಿಕೊಳ್ಳುವುದು. ಮೂರನೆಯದು, ಹೇಳುವುದಕ್ಕೇ ಬೇಜಾರು, ಎಲ್ಲೋ ಸಿಕ್ಕ ಎಂಪಿ3 ಕಡತವನ್ನು ತಂದು ಸಿಡಿಗೆ ಹಾಕುವುದು. ಡಬ್ಬಿಯ ಹಿಂದೆ "ಡಿಜಿಟಲಿ ರೀಮಾಸ್ಟರ್ಡ್", ಅಂದರೆ ಹಳೆಯ ದನಿಯನ್ನು ಡಿಜಿಟಲ್ ಆಗಿ ತಿದ್ದಿ ಹೊಸದಾಗಿ ಸಿದ್ಧಮಾಡಿದ್ದು, ಅಂತ ಬರೆದಿರುತ್ತಾರೆ. ಆ ಎರಡು ಪದ ಈ ಮೂರಕ್ಕೂ ಸಲ್ಲುತ್ತದೆ. ಏನನ್ನೂ ಹೇಳದ ಮಾತು ಅದು.

ಟೇಪಿನ ಕಾಲದಲ್ಲಿ ನಕಲು ಅಂದರೆ ಎರಡನೇ ಸಲ ಬಿಸಿನೀರು ಹಾಕಿ ಇಳಿಸಿದ ಡಿಕಾಕ್ಷನ್. ಪುಡಿ ಅದೇ, ಫಿಲ್ಟರ್ ಅದೇ, ಆದರೂ ಬಾಯಿಗಿಟ್ಟರೆ ಗೊತ್ತಾಗುತ್ತದೆ. ಮೂಲದಿಂದ ಒಂದು ನಕಲು, ಅದರಿಂದ ಎಲ್‌ಪಿ ಕೊರೆಯಲು ಇನ್ನೊಂದು, ಹೊರದೇಶಕ್ಕೆ ಕಳಿಸಲು ಮತ್ತೊಂದು. ಪ್ರತಿ ಸಲವೂ ಸೊಯ್ಯೆನ್ನುವ ಸದ್ದು ಹೆಚ್ಚುತ್ತದೆ, ಮೇಲಿನ ಮಿಂಚು ಸವೆಯುತ್ತದೆ. ಡಿಜಿಟಲ್‌ನಲ್ಲಿ ನಕಲಿನಿಂದ ಹಾಗೆ ಸವೆಯುವುದಿಲ್ಲ, ನಿಜ. ಆದರೆ ಡಿಜಿಟಲ್ ಆಗುವ ಹೊತ್ತಿಗೆ ಅದು ಎಷ್ಟನೇ ಕೈ ದಾಟಿ ಬಂದಿತ್ತು ಅನ್ನುವುದು ಸಿಡಿಯಲ್ಲಿ ಹಾಗೇ ಕೂತಿರುತ್ತದೆ.

ಈಗ ಹಾಡು ಕೇಳೋಣ. ಇದು "ಐ ಹ್ಯಾವ್ ಗಾಟ್ ಯೂ ಅಂಡರ್ ಮೈ ಸ್ಕಿನ್", 1956ರ ಜನವರಿಯಲ್ಲಿ ರೆಕಾರ್ಡಾದದ್ದು, ನೆಲ್ಸನ್ ರಿಡಲ್ ವಾದ್ಯಸಂಯೋಜನೆ. ನಾನು ಯಾವ ಹೊಸ ಡಬ್ಬಿ ತಂದರೂ ಮೊದಲು ಹಾಕುವುದು ಇದನ್ನೇ. ಯಾಕೆ ಅಂದರೆ ಈ ಹಾಡಿನ ಕಟ್ಟಡವೇ ಸಣ್ಣದರಿಂದ ದೊಡ್ಡದಕ್ಕೆ ಏರುವುದು. ಶುರುವಿನಲ್ಲಿ ಸಿನಾಟ್ರಾ ಅರ್ಧ ದನಿಯಲ್ಲಿ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡುತ್ತಾನೆ. ಅವನು ನಿಲ್ಲಿಸಿದ ಮೇಲೆ ಕೆಳಗಿನಿಂದ ಬಾಸ್ ಟ್ರಾಂಬೋನ್ ಎಂಬ ತಗ್ಗು ದನಿಯ ಹಿತ್ತಾಳೆ ಊದುವಾದ್ಯ ಒಂದೇ ನಡೆಯನ್ನು ಮತ್ತೆ ಮತ್ತೆ ಹಿಡಿಯುತ್ತದೆ. ತಂತಿವಾದ್ಯ ಸೇರುತ್ತದೆ. ಹಿತ್ತಾಳೆ ವಾದ್ಯ ಒಂದೊಂದಾಗಿ ಬರುತ್ತದೆ. ತಡೆಯಲಾರದ ಹಂತಕ್ಕೆ ಬಂದಾಗ ಮಿಲ್ಟ್ ಬರ್ನ್‌ಹಾರ್ಟ್‌ನ ಟ್ರಾಂಬೋನ್ ಸಿಡಿಯುತ್ತದೆ. ಮೈಕು ಎತ್ತರದಲ್ಲಿದ್ದು ಅವನಿಗೆ ಎಟುಕಲಿಲ್ಲ, ಒಂದು ಪೆಟ್ಟಿಗೆ ತಂದು ಅದರ ಮೇಲೆ ನಿಲ್ಲಿಸಿದರು ಅಂತ ಕಥೆ ಇದೆ.

ನಾನು ಎರಡು ಸಿಡಿಯಿಂದ ಇದೇ ಹಾಡು ಹಾಕಿದೆ. ಒಂದು ಹಳೆಯ ಸಾದಾ ಸಿಡಿ. ಇನ್ನೊಂದು ಜಾತ್ರೆಯಲ್ಲಿ ರಾಶಿ ಹಾಕಿ ಮಾರುವಂಥ ಸಂಕಲನ, ಹೆಸರು ಹೇಳುವುದಿಲ್ಲ. ಮೊದಲನೆಯದರಲ್ಲಿ ಸಿನಾಟ್ರಾ ಹಾಡುವಾಗ ಸದ್ದು ಸಾಲದು ಅನ್ನಿಸಿ ಹಿಂದಿನ ಸಾಲಿನವರು "ಸ್ವಲ್ಪ ಜೋರು ಮಾಡಿ ಸಾರ್" ಅಂದರು. ಮಾಡಲಿಲ್ಲ. ಟ್ರಾಂಬೋನ್ ಬಂದಾಗ ಅವರೇ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. ಎರಡನೆಯದರಲ್ಲಿ ಶುರುವಿನಿಂದಲೇ ಎಲ್ಲ ಜೋರು. ಪಿಸುಮಾತೂ ಜೋರು, ಟ್ರಾಂಬೋನೂ ಅಷ್ಟೇ ಜೋರು. ಇದನ್ನು ಕಂಪ್ರೆಷನ್ ಅನ್ನುತ್ತಾರೆ. ಮೆಲ್ಲಗಿದ್ದದ್ದನ್ನು ಎತ್ತಿ, ಜೋರಿದ್ದದ್ದನ್ನು ಅದುಮಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು. ಕಾರಿನಲ್ಲಿ, ಫೋನಿನಲ್ಲಿ ಕೇಳುವವರಿಗೆ ಅನುಕೂಲ, ಒಪ್ಪುತ್ತೇನೆ. ಆದರೆ ರಿಡಲ್ ಏರಿಸಿದ ಆ ಮೆಟ್ಟಿಲೇ ಮಾಯ. ಒಂದೂ ಸ್ವರ ತಪ್ಪಿಲ್ಲ, ಒಂದೂ ವಾದ್ಯ ಕಾಣೆಯಾಗಿಲ್ಲ, ಆದರೂ ಹಾಡು ಏಳುವುದೇ ಇಲ್ಲ.

ಎರಡನೇ ಉದಾಹರಣೆ ಇನ್ನೂ ಸೂಕ್ಷ್ಮ. 1958ರ "ಓನ್ಲಿ ದಿ ಲೋನ್ಲಿ" ಆಲ್ಬಮಿನ ಕೊನೆಯ ಹಾಡು, "ಒನ್ ಫಾರ್ ಮೈ ಬೇಬಿ". ಬಾರ್ ಮುಚ್ಚುವ ಹೊತ್ತು, ಕುಡಿದವನೊಬ್ಬ ಬಾರಿನವನ ಹತ್ತಿರ ಮಾತಾಡುತ್ತಿದ್ದಾನೆ. ಹೆಚ್ಚು ಹೊತ್ತು ಬಿಲ್ ಮಿಲ್ಲರ್‌ನ ಪಿಯಾನೋ ಮತ್ತು ಗಂಟಲು, ಅಷ್ಟೇ. ಇದನ್ನು ರೆಕಾರ್ಡು ಮಾಡಿದ್ದು ಹಾಲಿವುಡ್‌ನ ಕ್ಯಾಪಿಟಲ್ ಟವರ್‌ನಲ್ಲಿ. 1956ರಲ್ಲಿ ತೆರೆದ ಆ ದುಂಡನೆಯ ಕಟ್ಟಡದ ಕೆಳಗೆ, ನೆಲದಾಳದಲ್ಲಿ, ಕಾಂಕ್ರೀಟಿನ ಪ್ರತಿಧ್ವನಿ ಕೋಣೆಗಳಿವೆ. ಗಿಟಾರ್ ವಾದಕ ಲೆಸ್ ಪಾಲ್ ವಿನ್ಯಾಸ ಮಾಡಿದ್ದು ಅಂತ ಹೆಸರು. ಹಾಡಿದ ದನಿಯನ್ನು ಸ್ಪೀಕರ್ ಮೂಲಕ ಆ ಕೋಣೆಗೆ ಬಿಟ್ಟು, ಅಲ್ಲಿ ಗೋಡೆಗೋಡೆಗೆ ತಾಗಿ ಬಂದದ್ದನ್ನು ಇನ್ನೊಂದು ಮೈಕಿನಲ್ಲಿ ಹಿಡಿದು ವಾಪಸ್ಸು ಸೇರಿಸುತ್ತಿದ್ದರು. ಸಿನಾಟ್ರಾ ಸಾಲು ಮುಗಿಸಿದ ಮೇಲೆ ಅವನ ದನಿ ಒಂದು ಕ್ಷಣ ಗಾಳಿಯಲ್ಲಿ ತೇಲುತ್ತದಲ್ಲ, ಅದು ಆ ಕೋಣೆಯ ಗಾಳಿ.

ತೇಲುವ ದನಿಯ ಆ ಬಾಲ ತುಂಬಾ ಸಣ್ಣ ಸದ್ದು. ಟೇಪಿನ ಸೊಯ್ಯೆನ್ನುವ ಹಿಸ್ ಕೂಡ ಹೆಚ್ಚುಕಡಿಮೆ ಅಷ್ಟೇ ಸಣ್ಣದು. ಹಿಸ್ ತೆಗೆಯುತ್ತೇನೆ ಅಂತ ಹೊರಟ ಸಾಫ್ಟ್‌ವೇರಿಗೆ ಎರಡರ ನಡುವಿನ ವ್ಯತ್ಯಾಸ ಪೂರ್ತಿ ತಿಳಿಯುವುದಿಲ್ಲ. ಹಿಸ್ ಜತೆ ಬಾಲವನ್ನೂ ಕತ್ತರಿಸುತ್ತದೆ. ಕೇಳಿ: ಅಗ್ಗದ ಸಿಡಿಯಲ್ಲಿ ಸಾಲಿನ ಕೊನೆಗೆ ಬಾಗಿಲು ಹಾಕಿದ ಹಾಗೆ ಮೌನ. ಮುಂದಿನ ಸಾಲಿಗೆ ಅವನು ಎಳೆದುಕೊಳ್ಳುವ ಉಸಿರೂ ಇಲ್ಲ. ಉಸಿರೇ ಇಲ್ಲದ ಸಿನಾಟ್ರಾ ಅಂದರೆ ಏನು ಉಳಿಯಿತು ಹೇಳಿ? ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ತೆಗೆದುಕೊಳ್ಳದೆ ಎರಡು ಸಾಲು ಕೂಡಿಸಬೇಕು ಅನ್ನುವುದರಲ್ಲೇ ಅವನ ವಿದ್ಯೆಯೆಲ್ಲ ಇತ್ತು. ನನ್ನ ಸಲಹೆ ಇಷ್ಟೇ, 1950ರ ದಶಕದ ರೆಕಾರ್ಡಿನಲ್ಲಿ ಸ್ವಲ್ಪವೂ ಹಿಸ್ ಕೇಳಿಸದಿದ್ದರೆ ಖುಷಿಪಡಬೇಡಿ, ಅನುಮಾನಪಡಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ತೋರಿಸಿದೆ, ಇದು ಎಲ್ಲರಿಗೂ ಇಷ್ಟವಾಯಿತು. ಈ ಡಬ್ಬಿಯ ಎಂಟೂ ಆಲ್ಬಮ್ ಮೋನೋ. 1955ರ "ಇನ್ ದ ವೀ ಸ್ಮಾಲ್ ಅವರ್ಸ್", 1956ರ "ಸಾಂಗ್ಸ್ ಫಾರ್ ಸ್ವಿಂಗಿನ್ ಲವರ್ಸ್" ಎರಡೂ ಮೋನೋ. ಅಂದರೆ ಎಡ, ಬಲ ಎರಡರಲ್ಲೂ ಒಂದೇ ಇರಬೇಕು. ಆಡಾಸಿಟಿ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಹಾಡನ್ನು ತೆರೆಯಿರಿ. ಎಡ ಬಲವನ್ನು ಎರಡು ಬೇರೆ ಮೋನೋ ಟ್ರ್ಯಾಕುಗಳಾಗಿ ಒಡೆಯಿರಿ. ಒಂದನ್ನು ಮಾತ್ರ ಇನ್ವರ್ಟ್ ಮಾಡಿ, ಅಂದರೆ ತಲೆಕೆಳಗು. ಈಗ ಎರಡನ್ನೂ ಕೂಡಿಸಿ ಕೇಳಿ. ಒಂದೇ ಆಗಿದ್ದರೆ ಒಂದನ್ನೊಂದು ಕಳೆದು ಸದ್ದೇ ಇರಬಾರದು. ಬರೀ ಹಿಸ್ ಉಳಿದರೆ ಗಾಬರಿ ಬೇಡ, ಮೋನೋ ಟೇಪನ್ನು ಸ್ಟೀರಿಯೋ ಹೆಡ್‌ನಲ್ಲಿ ಓಡಿಸಿದರೂ ಹಾಗಾಗುತ್ತದೆ. ಚಟಪಟ ಸದ್ದು ಉಳಿದರೆ ಅದು ಎಲ್‌ಪಿಯಿಂದ ಎತ್ತಿದ್ದು, ಗೀರುಗಳು ಎಡ ಬಲದಲ್ಲಿ ಬೇರೆ ಬೇರೆ ಇರುತ್ತವಲ್ಲ. ಹಾಡೇ ನೀರೊಳಗಿನಿಂದ ಬಂದ ಹಾಗೆ ಉಳಿದರೆ ಯಾರೋ ಅದನ್ನು ಸುಳ್ಳು ಸ್ಟೀರಿಯೋ ಮಾಡಿದ್ದಾರೆ. ನನ್ನ ಈ ಡಬ್ಬಿಯ ಎಂಟರಲ್ಲಿ ಆರು ಆಲ್ಬಮ್ ಪಾಸು. ಒಂದರಲ್ಲಿ ಚಟಪಟ. ಇನ್ನೊಂದರಲ್ಲಿ ನೀರು.

ಹಾಗೆಯೇ ಅದೇ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರೋಗ್ರಾಮ್, ಅಂದರೆ ಕೆಳಗಿನ ಸ್ವರದಿಂದ ಮೇಲಿನ ಸ್ವರದ ತನಕ ಸದ್ದು ಎಷ್ಟಿದೆ ಅಂತ ತೋರಿಸುವ ಚಿತ್ರ, ನೋಡಬಹುದು. ಟೇಪಿನ ಹಿಸ್ ಮೇಲಕ್ಕೆ ಹೋದಂತೆ ನಿಧಾನಕ್ಕೆ ತೆಳುವಾಗುತ್ತದೆ. 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಲ್ಲಿ ಕುಯ್ದಂತೆ ಒಮ್ಮೆಲೇ ನಿಂತಿದ್ದರೆ ಅದು ಎಂಪಿ3ಯಿಂದ ಬಂದಿರುವ ಸಾಧ್ಯತೆ ಜಾಸ್ತಿ.

ಸುಳ್ಳು ಸ್ಟೀರಿಯೋ ಅಂದೆ. ಇದು ಈಗಿನ ಅಗ್ಗದ ಕಂಪನಿಗಳು ಕಂಡುಹಿಡಿದದ್ದಲ್ಲ, ಖುದ್ದು ಕ್ಯಾಪಿಟಲ್‌ನವರದೇ ಕೈಚಳಕ. 1950ರ ದಶಕದ ಕೊನೆಗೆ ಸ್ಟೀರಿಯೋ ಎಲ್‌ಪಿ ಅಂಗಡಿಗೆ ಬಂತು. ಮೋನೋ ಅಂದರೆ ಹಳೇ ಮಾಲು ಅಂತ ಜನ ಮೂಗು ಮುರಿದರು. ಆಗ 1961ರಲ್ಲಿ ಕ್ಯಾಪಿಟಲ್ "ಡ್ಯುಓಫೋನಿಕ್" ಅಂತ ಶುರು ಮಾಡಿತು. ಒಂದು ಕಡೆಗೆ ಮೇಲಿನ ಸ್ವರ ಜಾಸ್ತಿ, ಇನ್ನೊಂದು ಕಡೆಗೆ ಕೆಳಗಿನದು ಜಾಸ್ತಿ, ನಡುವೆ ಒಂದು ಚೂರು ತಡ. ನಡುವೆ ನಿಂತು ಹಾಡುತ್ತಿದ್ದ ಸಿನಾಟ್ರಾ ಎರಡೂ ಸ್ಪೀಕರಿಗೆ ಹಿಟ್ಟಿನ ಹಾಗೆ ಹರಡಿಕೊಂಡ. ಅವತ್ತಿನ ಪೂರ್ತಿ ಬೆಲೆಯ ರೆಕಾರ್ಡುಗಳೇ ಹೀಗೆ ಬಂದವು. ಅದರ ಮೇಲೆ ಅಗ್ಗದ ಸಾಲು ಬೇರೆ. ನ್ಯೂಯಾರ್ಕಿನ ಪಿಕ್‌ವಿಕ್ ಕಂಪನಿ ಕ್ಯಾಪಿಟಲ್‌ನಿಂದ ಪರವಾನಗಿ ತೆಗೆದುಕೊಂಡು ಹಳೆಯ ಆಲ್ಬಮ್ಮುಗಳನ್ನು ಕಮ್ಮಿ ಬೆಲೆಗೆ ಒತ್ತುತ್ತಿತ್ತು, ಹೊದಿಕೆ ಬದಲು, ಹೆಸರು ಬದಲು, ಹಾಡೂ ಕಮ್ಮಿ. ಹನ್ನೆರಡಿದ್ದಲ್ಲಿ ಒಂಬತ್ತೋ ಹತ್ತೋ. ಯಾಕೆ ಅಂದರೆ ಬರೆದವರಿಗೆ ಕೊಡುವ ದುಡ್ಡು ಅಮೆರಿಕದಲ್ಲಿ ಹಾಡಿಗಿಷ್ಟು ಅಂತ ಲೆಕ್ಕ. ಎರಡು ಹಾಡು ಬಿಟ್ಟರೆ ಅಷ್ಟು ಉಳಿಯಿತು.  

ನಮ್ಮವರು ನಗಬೇಕಾಗಿಲ್ಲ. 1980, 90ರ ದಶಕದಲ್ಲಿ ಹಳೆಯ ಹಿಂದಿ ಹಾಡಿನ ಮೇಲೆ ಎಲೆಕ್ಟ್ರಾನಿಕ್ ಡ್ರಮ್ಮು ಬಡಿದು "ಝಂಕಾರ್ ಬೀಟ್ಸ್" ಅಂತ ಕ್ಯಾಸೆಟ್ ಮಾರಿದ್ದು ಮರೆತಿಲ್ಲ ತಾನೇ? ಬೆಂಗಳೂರಿನ ಬಸ್ಸುಗಳಲ್ಲಿ ಅದನ್ನು ಕೇಳಿಯೇ ಬೆಳೆದವರಿದ್ದಾರೆ, ಅವರಿಗೆ ಮೂಲ ಹಾಡು ಕೇಳಿಸಿದರೆ ಏನೋ ಕಮ್ಮಿಯಾಯಿತು ಅನ್ನುತ್ತಾರೆ.

ಸರಿ, ಹಾಗಾದರೆ ಜಾಸ್ತಿ ದುಡ್ಡು ಕೊಟ್ಟರೆ ಕ್ಷೇಮವೇ? ಇಲ್ಲ. 1998ರಲ್ಲಿ ಸಿನಾಟ್ರಾ ತೀರಿಕೊಂಡ ವರ್ಷ ಕ್ಯಾಪಿಟಲ್ ಅವನ ಆಲ್ಬಮುಗಳನ್ನು ಹೊಸದಾಗಿ ರೀಮಾಸ್ಟರ್ ಮಾಡಿ ತಂದಿತು. ಮೂಲ ಟೇಪು ಅವರ ಕೈಯಲ್ಲೇ ಇತ್ತು. ಆದರೂ ಹಿಸ್ ಒರೆಸಿದ್ದು ಅತಿಯಾಯಿತು, ದನಿ ತಿದ್ದಿದ್ದು ಅತಿಯಾಯಿತು ಅಂತ ಹಳೆಯ ಕೇಳುಗರು ಇವತ್ತಿಗೂ ಬೈಯುತ್ತಾರೆ. ಅದರ ಹಿಂದಿನ ಸಾದಾ ಸಿಡಿಗಳನ್ನೇ ಹುಡುಕಿ ಕೊಳ್ಳುತ್ತಾರೆ. ಇನ್ನೂ ದುಬಾರಿ ಲೋಕಕ್ಕೆ ಹೋದರೆ ಹಳೆಯ ಆಲ್ಬಮುಗಳನ್ನು ಮತ್ತೆ ಒತ್ತುವ ಮೊಬೈಲ್ ಫಿಡೆಲಿಟಿ ಕಂಪನಿ. ಪೂರ್ತಿ ಅನಲಾಗ್ ಅಂತ ಎಲ್ಲರೂ ನಂಬಿ ದುಬಾರಿ ಬೆಲೆಗೆ ಕೊಂಡ ಅವರ ಎಲ್‌ಪಿಗಳಲ್ಲಿ ಬಹಳಷ್ಟಕ್ಕೆ ನಡುವೆ ಡಿಜಿಟಲ್ ಹಂತ ಇತ್ತು ಅನ್ನುವುದು 2022ರಲ್ಲಿ ಹೊರಬಿತ್ತು. ದೊಡ್ಡ ರಂಪ, ಕೋರ್ಟು, ಪರಿಹಾರ. ಇದರಲ್ಲಿ ನನಗೆ ತಮಾಷೆ ಅನ್ನಿಸುವುದು ಬೇರೆ: ಹೊರಬೀಳುವ ತನಕ ಆ ರೆಕಾರ್ಡುಗಳ ದನಿಯನ್ನು ಹೊಗಳಿದವರೂ ಅವರೇ. ಹೊಗಳಿದ್ದು ಸರಿಯಾಗೇ ಇತ್ತು, ಚೆನ್ನಾಗಿಯೇ ಕೇಳಿಸುತ್ತಿತ್ತು! ಒಳ್ಳೆಯ ಟೇಪು, ಹದವಾದ ಕೈ. ಡಿಜಿಟಲ್ ಅನ್ನುವುದು ಅಲ್ಲಿ ಏನನ್ನೂ ಕೆಡಿಸಿರಲಿಲ್ಲ. ಕೆಟ್ಟದ್ದು ನಂಬಿಕೆ.

ಇದರಿಂದ ಒಂದು ವಿಚಿತ್ರ ಲಾಭ ಅಗ್ಗದ ಡಬ್ಬಿಗೆ ಸಿಗುತ್ತದೆ. ಅವರ ಹತ್ತಿರ ಎಂಜಿನಿಯರಿಗೆ ಕೊಡಲು ದುಡ್ಡಿಲ್ಲ. ವಾರಗಟ್ಟಲೆ ಕೂತು ಹಿಸ್ ಒರೆಸುವವರಿಲ್ಲ. ಹಳೆಯ ಒಳ್ಳೆಯ ಸಿಡಿಯೊಂದನ್ನು ಎತ್ತಿಕೊಂಡು ಹಾಗೆ ಹಾಗೇ ಒತ್ತಿಬಿಟ್ಟಿರುತ್ತಾರೆ. ಆಗ ಏನಾಗುತ್ತದೆ? ಯಾರೂ ಮುಟ್ಟದ ದನಿ ಕಮ್ಮಿ ಬೆಲೆಗೆ ಸಿಗುತ್ತದೆ. ಬಡತನವೇ ಹಾಡನ್ನು ಕಾಪಾಡಿತು ಅನ್ನಬೇಕು. ನನ್ನ ಡಬ್ಬಿಯಲ್ಲಿ ಪಾಸಾದ ಆರರಲ್ಲಿ ಕೆಲವು ಹೀಗೇ ಇವೆ. ಕಪಾಟಿನಲ್ಲಿರುವ ದುಬಾರಿ ಸಿಡಿಗಿಂತ ಇವನ್ನೇ ನಾನು ಹೆಚ್ಚು ಕೇಳುತ್ತೇನೆ. ಆದರೆ ಇದು ಲಾಟರಿ. ಒಂದೇ ಡಬ್ಬಿಯೊಳಗೆ ಒಂದು ಆಲ್ಬಮ್ ಹೀಗೆ, ಪಕ್ಕದ್ದು ಹಾಗೆ.

ಲಾಟರಿ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಟೇಪು ಯಾರ ಹತ್ತಿರ ಇದೆಯೋ ಅದೇ ಕಂಪನಿಗಳು ಮಾಡುವ ಅಗ್ಗದ ಸಾಲು. ಸೋನಿಯವರ "ಒರಿಜಿನಲ್ ಆಲ್ಬಮ್ ಕ್ಲಾಸಿಕ್ಸ್", ವಾರ್ನರ್ ಕಡೆಯ "ಒರಿಜಿನಲ್ ಆಲ್ಬಮ್ ಸೀರೀಸ್". ರಟ್ಟಿನ ಲಕೋಟೆಯಲ್ಲಿ ಐದು ಸಿಡಿ, ಓದಲು ಪುಸ್ತಿಕೆ ಇಲ್ಲ, ಅಕ್ಷರ ಭೂತಗನ್ನಡಿಯಲ್ಲೇ ಓದಬೇಕು. ಆದರೆ ಒಳಗಿರುವುದು ಸಾಮಾನ್ಯವಾಗಿ ಅವರೇ ಪೂರ್ತಿ ಬೆಲೆಗೆ ಮಾರುತ್ತಿದ್ದ ಸಿಡಿಯ ದನಿಯೇ. ಉಳಿಸಿದ್ದು ಕಾಗದದಲ್ಲಿ. ಕೈಗೆ ದುಡ್ಡು ಕಮ್ಮಿ ಇದ್ದರೆ ನಾನು ಮೊದಲು ನೋಡುವುದು ಇವನ್ನು.

ಅಗ್ಗದ ಹೊಸ ಎಲ್‌ಪಿ ಬಗ್ಗೆ ಒಂದೇ ಮಾತು. "180 ಗ್ರಾಂ" ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಪ್ಲಾಸ್ಟಿಕ್ಕಿನ ತೂಕ. ಒಳಗಿನ ಹಾಡು ಸಿಡಿಯಿಂದಲೇ ಬಂದಿದ್ದರೆ ಸಿಡಿಯನ್ನೇ ಕೊಳ್ಳಿ, ಚಟಪಟವಾದರೂ ತಪ್ಪುತ್ತದೆ.

ಇನ್ನು ಸಂಕಲನಗಳ ಮೋಸ. ಮೋಸ ಅನ್ನಬೇಕೋ ಉಡಾಫೆ ಅನ್ನಬೇಕೋ ಗೊತ್ತಿಲ್ಲ. ನ್ಯಾಟ್ ಕಿಂಗ್ ಕೋಲ್ ತನ್ನ ಹಳೆಯ ಹಿಟ್ ಹಾಡುಗಳಲ್ಲಿ ಬಹುಪಾಲನ್ನು 1961ರ "ದ ನ್ಯಾಟ್ ಕಿಂಗ್ ಕೋಲ್ ಸ್ಟೋರಿ"ಗಾಗಿ ಸ್ಟೀರಿಯೋದಲ್ಲಿ ಮತ್ತೆ ಹಾಡಿದ. ಸಿನಾಟ್ರಾನೂ ತನ್ನದೇ ರಿಪ್ರೈಸ್ ಕಂಪನಿಗೆ 1963ರಲ್ಲಿ ಕ್ಯಾಪಿಟಲ್ ಕಾಲದ ಹಲವು ಹಾಡುಗಳನ್ನು ಮತ್ತೆ ಹಾಡಿದ. ಹಾಡು ಅದೇ, ಗಾಯಕ ಅವನೇ, ಆದರೆ ರೆಕಾರ್ಡು ಬೇರೆ, ಗಂಟಲಿನ ವಯಸ್ಸು ಬೇರೆ. ಅಗ್ಗದ ಸಂಕಲನದಲ್ಲಿ ಯಾವುದು ಹಾಕಿದ್ದಾರೆ ಅಂತ ವರ್ಷ ಬರೆದಿರುವುದಿಲ್ಲ. ವರ್ಷ ಬರೆಯದ ಸಂಕಲನವನ್ನು ನಾನು ಕೊಳ್ಳುವುದೇ ಬಿಟ್ಟಿದ್ದೇನೆ. ಪೂರ್ತಿ ಆಲ್ಬಮ್ ಇದ್ದರೆ ಈ ತಲೆನೋವು ಕಮ್ಮಿ.

ಕೊನೆಗೆ ಪ್ರಶ್ನೆಗಳು. ಒಬ್ಬ ಹುಡುಗ ಕೇಳಿದ, "ಸಾರ್, ಇದೆಲ್ಲ ಫೋನಿನಲ್ಲೇ ಸಿಗುತ್ತಲ್ಲ, ಅಲ್ಲಿ ಯಾವುದು ಒಳ್ಳೇದು?" ಅಲ್ಲೂ ಇದೇ ರಗಳೆ ಕಣಪ್ಪ. ಒಂದೇ ಆಲ್ಬಮ್ ಹತ್ತು ಹೆಸರಿನಲ್ಲಿ ಕೂತಿರುತ್ತದೆ. ಕೆಳಗೆ ಹೋಗಿ ಹಕ್ಕಿನ ಸಾಲು ನೋಡು. ಸಿನಾಟ್ರಾನ ಈ ಆಲ್ಬಮುಗಳಾದರೆ ಕ್ಯಾಪಿಟಲ್ ಅಂತ ಇರುವುದು ಮೂಲ ಕಂಪನಿಯದು. ನೀನು ಎಂದೂ ಕೇಳಿರದ ಹೆಸರು, ತೀರಾ ಈಚಿನ ವರ್ಷ ಇದ್ದರೆ ಅದು ಈ ಡಬ್ಬಿಯ ಬಳಗದ್ದೇ. ಎರಡನ್ನೂ ಹಾಕಿ, ಒಂದೇ ಜೋರಿಗೆ ಹೊಂದಿಸಿಕೊಂಡು ಕೇಳು. ಹೊಂದಿಸುವುದು ಮುಖ್ಯ. ಸ್ವಲ್ಪ ಜೋರಿರುವುದೇ ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ, ಎಲ್ಲರಿಗೂ.

ಇನ್ನೊಬ್ಬ ಹಿರಿಯರು ಕೇಳಿದ್ದು ಅಮೆರಿಕದ ಇನ್ನೊಬ್ಬ ಗಾಯಕ ಜಿಮ್ ರೀವ್ಸ್ ಬಗ್ಗೆ. "ನಮ್ಮ ಮನೆಯಲ್ಲಿ ಸಿನಾಟ್ರಾ ಯಾರೂ ಕೇಳ್ತಿರಲಿಲ್ಲಪ್ಪ, ಜಿಮ್ ರೀವ್ಸೇ. ಅವನದು ಯಾವುದು ತಗೊಳ್ಳಲಿ?" ಒಳ್ಳೆಯ ಪ್ರಶ್ನೆ, ನಮ್ಮ ದೇಶದಲ್ಲಿ ಆ ಮೆತ್ತನೆಯ ದನಿಗೆ ಇದ್ದಷ್ಟು ಪ್ರೀತಿ ಸಿನಾಟ್ರಾಗೆ ಎಂದೂ ಇರಲಿಲ್ಲ. ರೀವ್ಸ್ 1964ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಆದರೆ ಮಾರಾಟ ನಿಲ್ಲಲಿಲ್ಲ, ಹಾಗಾಗಿ ಕಂಪನಿಯವರು ಅವನ ಹಳೆಯ ರೆಕಾರ್ಡುಗಳಿಂದ ದನಿ ಎತ್ತಿಕೊಂಡು ಹೊಸ ವಾದ್ಯ ಸೇರಿಸಿ ವರ್ಷಗಟ್ಟಲೆ ಮಾರಿದರು. 1981ರಲ್ಲಂತೂ ಅವನನ್ನೂ ಗಾಯಕಿ ಪ್ಯಾಟ್ಸಿ ಕ್ಲೈನ್‌ಳನ್ನೂ ಸೇರಿಸಿ ಯುಗಳಗೀತೆ ತಂದರು. ಆಕೆ ತೀರಿಕೊಂಡದ್ದು 1963ರಲ್ಲಿ. ಇಬ್ಬರೂ ಒಟ್ಟಿಗೆ ನಿಂತು ಆ ಹಾಡು ಹಾಡಿದ್ದೇ ಇಲ್ಲ. "ಹಾಗಾದ್ರೆ ನಾನು ಕೇಳ್ತಿದ್ದದ್ದು ಯಾವುದು?" ಅಂದರು ಅವರು. ಮನೆಯಲ್ಲಿರುವುದರ ಹಿಂಬದಿ ನೋಡಿ ಸಾರ್. ರೆಕಾರ್ಡು ಮಾಡಿದ ವರ್ಷ ಇಲ್ಲದಿದ್ದರೆ, ವಾದ್ಯ ಸ್ವಲ್ಪ ಜಾಸ್ತಿಯೇ ಹೊಸದಾಗಿ ಕೇಳಿಸಿದರೆ, ಆಮೇಲೆ ಸೇರಿಸಿದ್ದಿರಬಹುದು. ಕೊಳ್ಳುವುದಾದರೆ ಯುರೋಪಿನ ಈ ಅಗ್ಗದ ಡಬ್ಬಿಯನ್ನೇ ನೋಡಿ. ಅವರು 1962ರಿಂದ ಈಚೆಗೆ ಬರುವ ಹಾಗಿಲ್ಲ, ಹಾಗಾಗಿ ರೀವ್ಸ್ ಬದುಕಿದ್ದಾಗ ಹೊರಬಂದ ಆಲ್ಬಮುಗಳನ್ನೇ ಹಾಕಬೇಕು. ತಂದ ಮೇಲೆ ನನಗೊಮ್ಮೆ ಕೊಡಿ, ತಲೆಕೆಳಗು ಮಾಡಿ ನೋಡೋಣ.